ವೆಬ್‌ಪ್ಯಾಕ್ ಪ್ಲಗಿನ್: ಕರ್ಲ್‌ನ್ಯಾಗ ಇವೆಂಟ್ ಬರ್ತದ, ಕ್ರೋಮ್‌ನ್ಯಾಗ ಬರವಲ್ದು

ನವನಗರ_ಬಾಗಲಕೋಟಿ:
ಎರಡು ದಿನ ಆತು, ತಲಿ ಕೆಟ್ಟು ಹೋಗೇದ. ಇಳಕಲ್ ಸೀರಿ ಅಂಗಡಿಯೊಂದರ ಸೈಟ್ ಮಾಡಾಕತ್ತೀವಿ. ಬಿಲ್ಡ್ ಮುಗಿಯೂದ್ರಾಗ ಡಿಸೈನ್ ಮಾಡೋ ಹುಡುಗಿ ರಿಫ್ರೆಶ್ ಹೊಡದು "ಹಳೇದ ಕಾಣಸ್ತದ" ಅಂತಾಳ. ಅದಕ್ಕ ವೆಬ್‌ಪ್ಯಾಕ್‌ಗೆ (ಸೈಟಿನ ಕೋಡ್ ಕೂಡಿಸಿ ಬಿಲ್ಡ್ ಮಾಡೋ ಟೂಲ್) ಒಂದು ಪ್ಲಗಿನ್ ಬರದೆ: ಡನ್ ಹುಕ್ (ಬಿಲ್ಡ್ ಮುಗೀತು ಅನ್ನೋ ಸೂಚನಾ) ಬಂದ ಕೂಡಲೇ ಎಸ್‌ಎಸ್‌ಇ (ಸರ್ವರ್‌ನಿಂದ ಬ್ರೌಸರ್‌ಗೆ ಸುದ್ದಿ ಹರಿಯೋ ತೆರೆದ ಕನೆಕ್ಷನ್) ಮ್ಯಾಲೆ ಸುದ್ದಿ ಕಳಸ್ತದ. ಕರ್ಲ್‌ನ್ಯಾಗ (ಟರ್ಮಿನಲ್‌ನಿಂದ ಸರ್ವರ್‌ಗೆ ಕೇಳೋ ಟೂಲ್) ಪಟ್ ಅಂತ ಬರ್ತದ. ಕ್ರೋಮ್ ಸುಮ್ಮನ ಕೂಡ್ತದ. ಕನೆಕ್ಷನ್ ಮುಚ್ಚಿದಾಗ ಎಲ್ಲಾ ಒಮ್ಮೆಲೆ ಬಂದು ಬೀಳ್ತಾವ. ಯಾಕ?

ಟಿಳಕವಾಡಿ:
ಪ್ರತಿ ಸಂದೇಶದ ಕೊನಿಗೆ ಎರಡು ನ್ಯೂಲೈನ್ ಅದಾವೇನ್ರಿ? ಒಂದೇ ಇದ್ರ ಬ್ರೌಸರ್‌ನ್ಯಾಗ ಎಸ್‌ಎಸ್‌ಇ ಓದೋ ಇವೆಂಟ್‌ಸೋರ್ಸ್ ಕಾಯ್ತದ. ಕರ್ಲ್ ಬಂದದ್ದು ಬಂದಂಗ ತೋರಸ್ತದ.

ನವನಗರ_ಬಾಗಲಕೋಟಿ:
ಎರಡೂ ಅದಾವ.

ಟಿಳಕವಾಡಿ:
ಮತ್ತೊಮ್ಮೆ ನೋಡ್ರಿ. ಬ್ಯಾಕ್‌ಸ್ಲ್ಯಾಶ್ ಎರಡು ಸಲ ಬಿದ್ದಿದ್ರ ನ್ಯೂಲೈನ್ ಆಗಂಗಿಲ್ಲ. ನನಗ ಇದ ತಪ್ಪು ಅನ್ನಸ್ತದ. ಕೋಡ್ ಹಾಕ್ರಿ.

ಗೋಳಗುಮ್ಮಟ_ದೇವ್:
ವೆಬ್‌ಪ್ಯಾಕ್ ಬಿಟ್ಟು ವೀಟ್ ಅನ್ನೋ ಬಿಲ್ಡ್ ಟೂಲ್‌ಗೆ ಬರ್ರಿ. ಪ್ಲಗಿನ್‌ನ ಕಾನ್ಫಿಗರ್‌ಸರ್ವರ್ ಒಳಗ ವೆಬ್‌ಸಾಕೆಟ್ (ಎರಡೂ ಕಡಿ ಸುದ್ದಿ ಹೋಗಿಬರೋ ಕನೆಕ್ಷನ್) ತಯಾರ ಇರ್ತದ, ಇವೆಂಟಿಗೊಂದು ಹೆಸರಿಟ್ಟು ಸೆಂಡ್ ಅಂದ್ರ ಮುಗೀತು. ಸೇವ್ ಮಾಡಿದ್ರ ಕಣ್ಣ ಮುಚ್ಚಿ ತೆರಿಯೂದ್ರಾಗ ಪುಟ ಬದಲಾಗ್ತದ.

ಟಿಳಕವಾಡಿ:
ಪ್ರಶ್ನೆ ವೆಬ್‌ಪ್ಯಾಕ್‌ದ್ರಿ. ಓಡಾಕತ್ತಿರೋ ಪ್ರಾಜೆಕ್ಟಿಗೆ ಟೂಲ್ ಬದಲಿಸ್ರಿ ಅನ್ನೂದು ಉತ್ತರ ಅಲ್ಲ. ಸರ್ವರ್‌ನಿಂದ ಬ್ರೌಸರ್‌ಗಷ್ಟ ಸುದ್ದಿ ಹೋಗಬೇಕಂದ್ರ ಎಸ್‌ಎಸ್‌ಇ ಸಾಕು.

ಗೋಳಗುಮ್ಮಟ_ದೇವ್:
ನಾ ಎರಡು ಪ್ರಾಜೆಕ್ಟ್ ಬದಲಿಸೇನಿ. ಗೊತ್ತಿದ್ದ ಹೇಳಾಕತ್ತೇನಿ.

ಜಮಖಂಡಿ_ಕೋಡ್:
ಸರ್ವರ್ ಯಾವುದ್ರಿ? ನಡಕ ಎನ್‌ಜಿನ್‌ಎಕ್ಸ್‌ದಂಥಾ ಪ್ರಾಕ್ಸಿ ಸರ್ವರ್ ಅದ ಏನು? ಕಂಪ್ರೆಷನ್?

ನವನಗರ_ಬಾಗಲಕೋಟಿ:
ವೆಬ್‌ಪ್ಯಾಕ್ ಡೆವ್ ಸರ್ವರ್ 4. ಎಲ್ಲಾರೂ ಅದನ್ನ ಬಳಸ್ತಾರ ಅಂತ ಬರೀಲಿಲ್ಲ. ನಡಕ ಏನೂ ಇಲ್ಲ, ಕಂಪ್ರೆಷನ್ ನಾ ಹಾಕಿಲ್ಲ.

ಜಮಖಂಡಿ_ಕೋಡ್:
4ರಾಗ ನೀವು ಹಾಕದಿದ್ರೂ ಕಂಪ್ರೆಸ್ ಆನ್ ಇರ್ತದ. ಬ್ರೌಸರ್ ಜಿಜಿಪ್ (ಕುಗ್ಗಿಸಿದ ಡೇಟಾ) ಕೇಳ್ತದ, ಕರ್ಲ್ ತಾನಾಗಿ ಕೇಳಂಗಿಲ್ಲ. ನಿಮ್ಮ ಸಣ್ಣ ಸಂದೇಶ ಜಿಜಿಪ್ ಬಫರ್‌ನ್ಯಾಗ ಕೂತು ತುಂಬೂತನಕ ಕಾಯ್ತಾವ. ಕರ್ಲ್‌ಗೂ ಕಂಪ್ರೆಸ್ಡ್ ಫ್ಲ್ಯಾಗ್ ಕೊಟ್ಟು ನೋಡ್ರಿ, ಅಲ್ಲೂ ನಿಲ್ತದ. ನ್ಯೂಲೈನ್ ತಪ್ಪಿದ್ರ ಕೊನಿಗೂ ಬರ್ತಿರಲಿಲ್ಲ. ಕನೆಕ್ಷನ್ ಮುಚ್ಚಿದಾಗ ಅರ್ಧಕ್ಕ ನಿಂತ ಸಂದೇಶವನ್ನ ಇವೆಂಟ್‌ಸೋರ್ಸ್ ಬಿಟ್ಟುಬಿಡ್ತದ. ಪ್ರತಿ ರೈಟ್ ಆದ ಮ್ಯಾಲೆ ಫ್ಲಶ್ (ಬಫರ್‌ನ್ಯಾಗಿದ್ದದ್ದನ್ನ ಕೂಡಲೇ ಕಳಿಸೋದು) ಕರೀರಿ. ಇಲ್ಲಾಂದ್ರ ಕ್ಯಾಶ್-ಕಂಟ್ರೋಲ್ ಹೆಡರ್‌ನ್ಯಾಗ ನೋ-ಟ್ರಾನ್ಸ್‌ಫಾರ್ಮ್ ಹಾಕ್ರಿ, ಕಂಪ್ರೆಷನ್ ಆ ರೆಸ್ಪಾನ್ಸ್ ಮುಟ್ಟಂಗಿಲ್ಲ. ನಾ ಎರಡನೇದ ಹಾಕ್ತೇನಿ, ಮರೆಯೂ ಭಯ ಇಲ್ಲ.

ನವನಗರ_ಬಾಗಲಕೋಟಿ:
ನೋ-ಟ್ರಾನ್ಸ್‌ಫಾರ್ಮ್ ಹಾಕಿದೆ, ಬಂತ್ರೀ! ಬಿಲ್ಡ್ ಮುಗದ ಕೂಡಲೇ ಸುದ್ದಿ. ಭಾಳ ಉಪಕಾರ ಆತು. ಆದ್ರ ಈಗ ಇನ್ನೊಂದು: ಆರು ಟ್ಯಾಬ್ ತನಕ ಸರಿ, ಏಳನೇದು ತೆರೆದ್ರ ಲೋಡ್ ಆಗದ ತಿರಗತನ ಇರ್ತದ.

ಟಿಳಕವಾಡಿ:
ಎಚ್‌ಟಿಟಿಪಿ 1.1ರಾಗ ಒಂದು ಸರ್ವರ್ ವಿಳಾಸಕ್ಕ ಬ್ರೌಸರ್ ಆರೇ ಕನೆಕ್ಷನ್ ಕೊಡ್ತದ. ಟ್ಯಾಬಿಗೊಂದು ಎಸ್‌ಎಸ್‌ಇ ಹಿಡಕೊಂಡು ಕುಂತದ. ಎಚ್‌ಟಿಟಿಪಿ 2 ಮಾಡ್ರಿ, ಅದರಾಗ ಈ ಆರರ ತಡೆ ಇಲ್ಲ.

ಗೋಳಗುಮ್ಮಟ_ದೇವ್:
ವೆಬ್‌ಸಾಕೆಟ್‌ಗೆ ಆ ಆರರ ಲೆಕ್ಕ ಇಲ್ರೀ. ಅದಕ್ಕ ನಾ ಮೊದಲ ಹೇಳಿದ್ದು.

ನವನಗರ_ಬಾಗಲಕೋಟಿ:
ಲೋಕಲ್‌ಹೋಸ್ಟ್‌ಗೆ ಎಚ್‌ಟಿಟಿಪಿ 2 ಅಂದ್ರ ಸರ್ಟಿಫಿಕೇಟ್ ಬೇಕಲ್ರೀ? ಅದನ್ನ ಯಾರರ ಮಾಡೀರೇನು?