ಬಿಪಿ ನೋಡುವಾಗ ಮಾತನಾಡಬಾರದಂತೆ!

ಕೊಪ್ಪಳದಲ್ಲಿ ಸಂಜೆ ಸೇರುವ ನಮ್ಮ ಬೈಠಕ್ಕಿಗೆ ಆರೋಗ್ಯದ ವಿಷಯದಲ್ಲಿ ಇರುವುದು ಒಂದೇ ಸಿದ್ಧಾಂತ: ಕಾಯಿಲೆ ಬಂದವನು ದವಾಖಾನೆಗೆ ಹೋಗಬೇಕು, ಬರದವನು ಹೋದರೆ ಕಾಯಿಲೆಗೆ ವೀಳ್ಯ ಕೊಟ್ಟು ಕರೆದ ಹಾಗೆ. ಇದನ್ನು ಪ್ರತಿಪಾದಿಸಿದವರು ಗೊಬ್ಬರದ ಅಂಗಡಿಯ ಸಾಹುಕಾರರು. ಇದರ ವಕಾಲತ್ತು ವಹಿಸಿದವರು ನಮ್ಮ ವಕೀಲರು. ವಿರೋಧಿಸುವವರು ನಿವೃತ್ತ ಗಣಿತದ ಮಾಸ್ತರರು, ಅದೂ ಮಂಡಾಳ ಒಗ್ಗರಣೆ ಮತ್ತು ಮಿರ್ಚಿಯ ತಟ್ಟೆ ಪೂರ್ತಿ ಖಾಲಿಯಾದ ಮೇಲೆ.

ವಕೀಲರು ರಕ್ತ ತೋರಿಸುವುದನ್ನು ಮೊದಲು ಗವಿಮಠದ ಜಾತ್ರೆಗೆಂದು ಮುಂದೂಡಿದರು. ಮಹಾದಾಸೋಹದಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿಯುವ ಊರಿನಲ್ಲಿ, ಅದೇ ವಾರ ಎಣ್ಣೆ-ಉಪ್ಪಿನ ಲೆಕ್ಕ ಕೇಳುವುದು ಅಪಚಾರವೆಂದು ನಾವೂ ಒಪ್ಪಿದೆವು. ಜಾತ್ರೆಯಿಂದ ಯುಗಾದಿಗೆ ಹೋಯಿತು, ಯುಗಾದಿಯ ಹೋಳಿಗೆಯಿಂದ ಕೋರ್ಟಿನ ಬೇಸಿಗೆ ರಜೆಗೆ ಹೋಯಿತು. ಕೇಳಿದರೆ, “ಎದುರು ಪಾರ್ಟಿಯೇ ಹಾಜರಾಗಿಲ್ಲ ಮಾಸ್ತರರೇ, ಮೈಯಲ್ಲಿ ಒಂದು ಲಕ್ಷಣವೂ ಕಾಣದಿರುವಾಗ ಕೇಸು ನಡೆಯುವುದು ಹೇಗೆ? ಇನ್ನೊಂದು ವಾಯಿದೆ ಕೊಡಿರಿ” ಎನ್ನುತ್ತಿದ್ದರು.

“ರಕ್ತದೊತ್ತಡ ಸಮನ್ಸು ಕಳಿಸಿ ಬರುವುದಿಲ್ಲ ವಕೀಲರೇ” ಎಂದರು ಮಾಸ್ತರರು. “ತಲೆ ತಿರುಗದೆ, ಎದೆ ನೋಯದೆ, ವರ್ಷಗಟ್ಟಲೆ ಒಳಗೊಳಗೇ ಹೃದಯ, ಮೂತ್ರಪಿಂಡ, ಕಣ್ಣುಗಳನ್ನು ಕೆಡಿಸುತ್ತಿರುತ್ತದೆ. ಆದ್ದರಿಂದಲೇ ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ಬಿಪಿಯನ್ನೂ ಸಕ್ಕರೆಯನ್ನೂ ನೋಡಿಸಿಕೊಳ್ಳಬೇಕೆಂದು ಸರ್ಕಾರವೇ ಹೇಳುತ್ತದೆ. ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ಒಂದು ರೂಪಾಯಿಯೂ ಇಲ್ಲ.”

“ಪುಕ್ಕಟೆ ಎಂದಮೇಲೆ ಅದರಲ್ಲಿ ಏನೋ ಇದೆ” ಎಂದು ಸಾಹುಕಾರರು ತೀರ್ಪು ಕೊಟ್ಟರು. ಯೂರಿಯಾ ಮಾರುವವರು ಸಬ್ಸಿಡಿಯ ವಿಷಯದಲ್ಲಿ ಹೀಗೆ ಮಾತನಾಡಬಾರದಿತ್ತು.

ಇದೇ ಹೊತ್ತಿಗೆ ಮನೆ ಮನೆಗೆ ಬರುವ ತಪಾಸಣೆ ನಮ್ಮ ಓಣಿಗೂ ಬಂತು. ಆಶಾ ಕಾರ್ಯಕರ್ತೆಯೊಬ್ಬರು ನಮೂನೆಯ ಹಾಳೆ ಮತ್ತು ಟೇಪು ಹಿಡಿದು, ಸಿಸ್ಟರ್ ಒಬ್ಬರು ಬಿಪಿ ಯಂತ್ರ ಹಿಡಿದು ನೇರವಾಗಿ ಕಟ್ಟೆಯ ಬಳಿಗೇ ಬಂದರು. ಮೊದಲ ಪ್ರಶ್ನೆ ಸೊಂಟದ ಸುತ್ತಳತೆ. “34 ಇಂಚು ಎಂದು ಬರೆದುಕೊಳ್ಳಿರಿ ತಂಗಿ, ಇಪ್ಪತ್ತು ವರ್ಷದಿಂದ ಅದೇ ಪ್ಯಾಂಟು” ಎಂದರು ಸಾಹುಕಾರರು ಹೆಮ್ಮೆಯಿಂದ. ಪ್ಯಾಂಟು ಅದೇ ಎನ್ನುವುದು ನಿಜ. ಆದರೆ ಅದು ವರ್ಷ ವರ್ಷ ಹೊಟ್ಟೆಯ ಕೆಳಕ್ಕೆ ಜಾರುತ್ತ ಬಂದು, ಈಗ ಬೆಲ್ಟಿನ ಬಕಲ್ ಅವರಿಗೆ ಕನ್ನಡಿಯಲ್ಲಿ ಮಾತ್ರ ಕಾಣಿಸುತ್ತದೆ. ಆ ತಂಗಿ ಟೇಪನ್ನು ಹೊಕ್ಕುಳ ಮಟ್ಟಕ್ಕೆ ಸುತ್ತಿದಾಗ ಸಾಹುಕಾರರು ಉಸಿರು ಒಳಗೆಳೆದು ನಿಂತರು. ಅವರು ಉಸಿರು ಬಿಡುವವರೆಗೂ ಆಕೆಯೂ ಸುಮ್ಮನೆ ನಿಂತರು. 104 ಸೆಂಟಿಮೀಟರ್. ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಸಕ್ಕರೆ ಕಾಯಿಲೆ, ಹೃದ್ರೋಗಗಳ ಅಪಾಯ ಹೆಚ್ಚುತ್ತದೆ ಎಂದು ಕೇಳಿ, ವಕೀಲರು ಮೆಲ್ಲಗೆ ಶರ್ಟನ್ನು ಪ್ಯಾಂಟಿನಿಂದ ಹೊರಗೆ ಬಿಟ್ಟುಕೊಂಡರು.

ಆಮೇಲೆ ಸಿಸ್ಟರ್ ಬಾಯಿ ತೆರೆಯಲು ಹೇಳಿದರು. ಎಲೆ-ಅಡಿಕೆ, ತಂಬಾಕು ಹಾಕುವವರ ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ, ಮಾಯದ ಹುಣ್ಣು ಇದೆಯೇ ಎಂದು ನೋಡಬೇಕಂತೆ. ದಿನವಿಡೀ ತೆರೆದೇ ಇರುವ ಬಾಯಿಯನ್ನು ತೆರೆಯಲು ಸಾಹುಕಾರರು ಹತ್ತು ಸಲ ಹೇಳಿಸಿಕೊಂಡರು. ಮಚ್ಚೆ ಇರಲಿಲ್ಲ. ಮುಂದಿನದು ಬಿಪಿ, ಅದಕ್ಕೆ ಬಾಯಿ ಮುಚ್ಚಬೇಕು. ಕಷ್ಟ ಶುರುವಾದದ್ದು ಅಲ್ಲಿ.

ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಹಾಕಬಾರದು, ತೋಳು ಎದೆಯ ಮಟ್ಟದಲ್ಲಿರಬೇಕು, ಅರ್ಧ ಗಂಟೆ ಮುಂಚೆ ಚಹಾ ಮತ್ತು ತಂಬಾಕು ಕೂಡದು, ಐದು ನಿಮಿಷ ಸುಮ್ಮನೆ ಕುಳಿತ ಮೇಲೆಯೇ ಅಳೆಯಬೇಕು, ಅಳೆಯುವಾಗ ಮಾತನಾಡಿದರೆ ಅಂಕಿ ಏರುತ್ತದೆ. ಈ ಕಡೆಯ ಷರತ್ತು ನಮ್ಮ ಸಂಘದ ಮೂಲ ಉದ್ದೇಶಕ್ಕೇ ವಿರುದ್ಧವಾಗಿತ್ತು. ಮೊದಲ ಸಲ 158/96 ಬಂತು, ಏಕೆಂದರೆ ಪಟ್ಟಿ ಬಿಗಿಯುತ್ತಿದ್ದಂತೆಯೇ ಸಾಹುಕಾರರು ಡಿಎಪಿ ಚೀಲದ ಅಭಾವವನ್ನು ವಿವರಿಸತೊಡಗಿದ್ದರು. ಎರಡನೆಯ ಸಲ ಅವರು ತುಟಿ ಬಿಗಿಹಿಡಿದರು, ಆದರೆ ಪಕ್ಕದಿಂದ ವಕೀಲರು “ಸಾಹುಕಾರರೇ, ಹೋದ ವರ್ಷದ ಉದ್ರಿ ವಸೂಲಾಯಿತೇ?” ಎಂದು ಕೇಳಿಬಿಟ್ಟರು. ಸಿಸ್ಟರ್ ವಕೀಲರನ್ನು ರಸ್ತೆಯ ಆಚೆ ದಡಕ್ಕೆ ಕಳಿಸಿ ಮೂರನೆಯ ಸಲ ಅಳೆದಾಗ ಬಂದದ್ದು 146/92. ಒಂದು ದಿನದ ಅಳತೆಯ ಮೇಲೆ ಬಿಪಿ ಇದೆಯೆಂದು ತೀರ್ಮಾನಿಸುವುದಿಲ್ಲ, ಆದರೆ 140/90 ದಾಟಿದೆ, ಇನ್ನೊಂದು ದಿನ ಕೇಂದ್ರಕ್ಕೆ ಬಂದು ತೋರಿಸಿರಿ, ಅಲ್ಲಿಯವರೆಗೆ ಉಪ್ಪಿನಕಾಯಿ ತಾಳಿರಿ ಎಂದರು.

ಸಾಹುಕಾರರು ಜೋಳದ ರೊಟ್ಟಿಯ ಪರವಾಗಿ ವಾದ ಹೂಡಿದರು. ರೊಟ್ಟಿಯ ಮೇಲೆ ಯಾರ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಅದರ ಪಕ್ಕದಲ್ಲಿ ಕೂಡುವ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಉಪ್ಪಿನಕಾಯಿ, ಉಪ್ಪು ತುಂಬಿ ಕರಿದ ಮೆಣಸಿನಕಾಯಿಗಳ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಕೊಡುವುದು 5 ಗ್ರಾಂಗಿಂತ ಕಡಿಮೆ ಉಪ್ಪು, ಹೆಚ್ಚೆಂದರೆ ಒಂದು ಚಹಾ ಚಮಚ. ನಮ್ಮ ಕಟ್ಟೆಯಲ್ಲಿ ಅದು ಸಂಜೆ ಆರಕ್ಕೇ ಮುಗಿದಿರುತ್ತದೆ.

ಇಷ್ಟು ಹೊತ್ತು ನಗುತ್ತಿದ್ದ ಮಾಸ್ತರರ ಸರದಿ ಬಂತು. ಅವರ ಖಾಲಿ ಹೊಟ್ಟೆಯ ಸಕ್ಕರೆ ಪ್ರತಿ ವರ್ಷವೂ ಚೊಕ್ಕವಾಗಿ ನೂರರ ಒಳಗೇ ಇರುತ್ತದೆ, ಏಕೆಂದರೆ ಪರೀಕ್ಷೆಗೆ ಒಂದು ವಾರ ಮುಂಚಿನಿಂದ ಅವರು ಸಿಹಿ ಮುಟ್ಟುವುದಿಲ್ಲ, ಊರ ಹೊರಗಿನವರೆಗೆ ನಡೆದುಬರುತ್ತಾರೆ. ಸಿಸ್ಟರ್ ಅವರಿಗೆ ಎಚ್‌ಬಿಎ1ಸಿ ಮಾಡಿಸಿರಿ ಎಂದರು: ಅದು ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುತ್ತದೆ, ಉಪವಾಸವೂ ಬೇಕಿಲ್ಲ, 5.7 ಶೇಕಡಾಕ್ಕಿಂತ ಕೆಳಗಿದ್ದರೆ ಚಿಂತೆಯಿಲ್ಲ, 6.5 ಮುಟ್ಟಿದರೆ ಮಧುಮೇಹ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುವ ಹುಡುಗರನ್ನು ಮೂವತ್ತು ವರ್ಷ ಬೈದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಅಷ್ಟರಲ್ಲಿ ಸಾಹುಕಾರರ ಮನೆಯವರು ಚಹಾ ತಂದರು. ನಿಮ್ಮದೂ ನೋಡೋಣ ಅಕ್ಕಾ ಎಂದರೆ, ನನಗೇನಾಗಿದೆ, ಒಲೆಯ ಮೇಲೆ ಹಾಲು ಇಟ್ಟಿದ್ದೇನೆ ಎಂದರು. ಅತ್ತೆಯ ಮಾತ್ರೆ, ಮೊಮ್ಮಗಳ ಲಸಿಕೆಯ ತಾರೀಖು ಎಲ್ಲವೂ ಅವರಿಗೆ ಬಾಯಿಪಾಠ. ಮೂವತ್ತು ದಾಟಿದ ಹೆಂಗಸರು ಐದು ವರ್ಷಕ್ಕೊಮ್ಮೆ ಸ್ತನ ಮತ್ತು ಗರ್ಭಕಂಠದ ತಪಾಸಣೆಯನ್ನೂ ಮಾಡಿಸಿಕೊಳ್ಳಬೇಕು ಎನ್ನುವುದನ್ನು ಮಾತ್ರ ಅವರಿಗೆ ಆವತ್ತಿನವರೆಗೆ ಯಾರೂ ಹೇಳಿರಲಿಲ್ಲ. ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರೂ ಉಂಡ ಮೇಲೆ ಉಣ್ಣುವವರ ಆರೋಗ್ಯ ನಮ್ಮ ಹರಟೆಯ ವಿಷಯ ಆದದ್ದೇ ಇಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅವರು ಐದು ನಿಮಿಷ ನಿಜವಾಗಿಯೂ ಸುಮ್ಮನೆ ಕುಳಿತರು, ಒಂದೇ ಮಾತು ಆಡಲಿಲ್ಲ. 162/100. ಎರಡು ನಿಮಿಷ ಬಿಟ್ಟು ಮತ್ತೆ ನೋಡಿದರೂ ಹೆಚ್ಚು ಇಳಿಯಲಿಲ್ಲ. ನಾಳೆಯೇ ಡಾಕ್ಟರರನ್ನು ಕಾಣಿರಿ ಎಂದು ಸಿಸ್ಟರ್ ಚೀಟಿ ಬರೆದರು.

ಸಾಹುಕಾರರು ಮೊದಲ ಬಾರಿಗೆ ಪೂರ್ತಿ ಮೌನವಾದರು. ನಾಳೆ ಅಂಗಡಿಯ ಬಾಗಿಲು ಮಧ್ಯಾಹ್ನ ತೆರೆಯುವುದಾಗಿ ಆಳಿಗೆ ಹೇಳಿಕಳಿಸಿದರು. ಈ ಗಲಾಟೆಯಲ್ಲಿ ರಸ್ತೆಯ ಆಚೆಯಿಂದ ವಕೀಲರು, “ಸಿಸ್ಟರ್, ಕತ್ತಲಾಯಿತು, ನನ್ನದನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡರೆ ಹೇಗೆ?” ಎಂದು ಅಲ್ಲಿಂದಲೇ ಅರ್ಜಿ ಹಾಕಿದರು.

ಸಾಹುಕಾರರ ಮನೆಯವರು ಕುಳಿತ ಕುರ್ಚಿಯಿಂದ ಎದ್ದು ಅದನ್ನು ವಕೀಲರ ಕಡೆಗೆ ತಿರುಗಿಸಿಟ್ಟರು. “ವಾಯಿದೆ ಗೀಯಿದೆ ಏನೂ ಇಲ್ಲ ವಕೀಲರೇ. ಬರ್ರಿ, ಕೂಡ್ರಿ, ತೋಳು ಚಾಚ್ರಿ. ಮತ್ತೆ ಬಾಯಿ ಮುಚ್ಕೋರಿ.”