ಚಿಕ್ಕಮ್ಮ, ತಮ್ಮ ಅಲ್ಲಿ ಉಪವಾಸ ಬೀಳುವುದಿಲ್ಲ

ಚಿಕ್ಕಮ್ಮ, ನೀವು ಮನೆ ಗ್ರೂಪಿಗೆ ಹಾಕಿದ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ತಮ್ಮನನ್ನು ಕಂಪನಿಯವರು ಆರು ತಿಂಗಳ ಟ್ರೈನಿಂಗ್‌ಗೆ ತೈವಾನಿನ ಶಿಂಚುಗೆ ಕಳಿಸುತ್ತಿದ್ದಾರೆ, ಮೊಟ್ಟೆಯನ್ನೂ ಮುಟ್ಟದ ಹುಡುಗ ಅಲ್ಲಿ ಏನು ತಿನ್ನುತ್ತಾನೆ ಅಂತ ನಿಮಗೆ ಸಂಕಟ. ಅದರ ಕೆಳಗೆ ಮಾವ "ಅಲ್ಲಿ ಹಾವು ಹಂದಿ ಬಿಟ್ಟರೆ ಇನ್ನೇನೂ ಸಿಗಲ್ಲ" ಅಂತ ಬೇರೆ ಹೇಳಿದ್ದಾರೆ. ಮಾವ, ದಯವಿಟ್ಟು ಹಾಗೆ ಹೇಳಬೇಡಿ. ಚಿಕ್ಕಮ್ಮ ಮೊದಲೇ ಹೆದರಿದ್ದಾರೆ. ಆ ಮಾತು ನಿಜವೂ ಅಲ್ಲ.

ಸ್ವಲ್ಪ ಉದ್ದ ಆಗುತ್ತದೆ ಚಿಕ್ಕಮ್ಮ, ಸೊಪ್ಪು ಬಿಡಿಸುತ್ತಾ ಕೇಳಿ.

ನಾನು ತೈವಾನಿಗೆ ಹೋಗಿಲ್ಲ. ಆದರೆ ಇಲ್ಲಿ ಅಮೆರಿಕದ ಕ್ಯುಪರ್ಟಿನೊದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಶಿಂಚುವಿನವರೇ. ಈ ಕಡೆ ತೈವಾನಿನವರು ಬಹಳ ಜನ ಇದ್ದಾರೆ. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಯಿತಲ್ಲ, ಅದಾದ ಮೇಲೆ ಓದಲು ಬಂದು, ಚಿಪ್ ಕಂಪನಿಗಳಲ್ಲಿ ಇಂಜಿನಿಯರ್ ಆಗಿ ಇಲ್ಲೇ ನಿಂತವರು. ಅಜ್ಜಿಯ ಯಜಮಾನರೂ ಹಾಗೇ ಬಂದವರು. ಹಾಗಾಗಿ ಇಲ್ಲಿಯ ತೈವಾನ್ ಹೋಟೆಲುಗಳು ಬೇರೆಯವರ ನಾಲಿಗೆಗೆ ಅಂತ ರುಚಿ ಬದಲಿಸಿಲ್ಲ. ಅವರ ಊರಿನವರೇ ದಿನಾ ಬಂದು ಕೂರುತ್ತಾರೆ. ಬದಲಿಸಿದರೆ ಬಿಡುತ್ತಾರಾ?

ನಿಮ್ಮ ಚಿಂತೆಯನ್ನು ಅಜ್ಜಿಗೆ ಹೇಳಿದೆ. "ಬಾಯಲ್ಲಿ ಹೇಳಿದರೆ ನಿನ್ನ ಚಿಕ್ಕಮ್ಮನಿಗೆ ಧೈರ್ಯ ಬರಲ್ಲ, ಶನಿವಾರ ಬಾ, ತಿಂದು ನೋಡಿ ಹೇಳು" ಅಂದರು. ಅಜ್ಜಿ, ಅವರ ಮಗ ಸೊಸೆ, ನಾನು, ನಮ್ಮವರು, ಮಕ್ಕಳು, ಎಲ್ಲರೂ ಇಲ್ಲಿಯ ಒಂದು ತೈವಾನ್ ಹೋಟೆಲಿಗೆ ಹೋದೆವು. ಬಾಗಿಲಲ್ಲೇ ಅಜ್ಜಿಗೆ ಪರಿಚಯದವರು ಸಿಕ್ಕಿ, ತೈವಾನಿನ ತಮ್ಮ ಮಾತಲ್ಲಿ "ಚಿಯಾ ಪಾ ಬ್ವೆ" ಅಂದರು. ಅರ್ಥ ಕೇಳಿದೆ. "ಹೊಟ್ಟೆ ತುಂಬಾ ಉಂಡಾಯ್ತಾ" ಅಂತಂತೆ. ಅಲ್ಲಿ ಹಳೆಯ ಜನ ಎದುರು ಸಿಕ್ಕಾಗ ಮೊದಲು ಕೇಳುವುದೇ ಇದು. ನೀವು ಫೋನ್ ಎತ್ತಿದ ತಕ್ಷಣ "ಊಟ ಆಯ್ತಾ" ಅನ್ನುವುದಿಲ್ಲವಾ, ಥೇಟ್ ಹಾಗೆ. ನನಗೆ ಕಣ್ಣು ತುಂಬಿ ಬಂತು.

ಮೊದಲು ಅಜ್ಜಿ ತರಿಸಿದ್ದು ಅಕ್ಕಿ ಶಾವಿಗೆ. ಹೌದು ಚಿಕ್ಕಮ್ಮ, ಅಕ್ಕಿ ಶಾವಿಗೆಯೇ. ತಮ್ಮ ಹೋಗುತ್ತಿರುವ ಶಿಂಚು ಇದಕ್ಕೇ ಹೆಸರುವಾಸಿ. ನಮ್ಮ ಒತ್ತುಶಾವಿಗೆಗಿಂತ ಎಳೆ ಸಣ್ಣ, ದಾರದ ಹಾಗೆ. ನಾವು ಒತ್ತಿದ ಕೂಡಲೇ ತಿನ್ನುತ್ತೇವೆ, ಅವರು ಬೇಯಿಸಿ ಬಿದಿರಿನ ತಟ್ಟಿಯ ಮೇಲೆ ಹರಡಿ ಒಣಗಿಸಿ ಇಡುತ್ತಾರೆ. ಆ ಊರಿಗೆ ಗಾಳಿಯೂರು ಅಂತಲೇ ಹೆಸರು. ಚಳಿಗಾಲ ಹತ್ತಿರ ಬಂದರೆ ಈಶಾನ್ಯದ ಗಾಳಿ ಬಿಡದೆ ಬೀಸುತ್ತದಂತೆ. "ಮೂರು ಪಾಲು ಬಿಸಿಲು, ಏಳು ಪಾಲು ಗಾಳಿ" ಅಂತ ಶಾವಿಗೆಯವರ ಮಾತು. ಬರೀ ಬಿಸಿಲಾದರೆ ಎಳೆ ಸೀಳುತ್ತದೆ, ಗಾಳಿಗೆ ನಿಧಾನ ಒಣಗಬೇಕು ಅಂತ ಅಜ್ಜಿ ಕೈಯಲ್ಲಿ ಬೀಸಿ ತೋರಿಸಿದರು. ನೀವು ಮಹಡಿ ಮೇಲೆ ಸಂಡಿಗೆ ಹಾಕುವಾಗ ಮೋಡ ನೋಡುತ್ತಾ ನಿಲ್ಲುತ್ತಿದ್ದದ್ದು ನೆನಪಾಯಿತು. ತಟ್ಟೆಗೆ ಬಂದಾಗ ಅದರಲ್ಲಿ ಎಲೆಕೋಸು, ಕ್ಯಾರೆಟ್, ಅಣಬೆ, ಮೇಲೆ ಒಂದು ಚಮಚ ಮೆಣಸಿನಕಾಯಿ ಎಣ್ಣೆ. ನಮ್ಮ ಮಗಳು ಎರಡು ಸಲ ಹಾಕಿಸಿಕೊಂಡಳು.

ಆದರೆ ಒಂದು ಎಚ್ಚರ. ಮಾಮೂಲಿಯಾಗಿ ಆ ಶಾವಿಗೆಗೆ ಹಂದಿಮಾಂಸದ ಚೂರು, ಒಣ ಸೀಗಡಿ ಹಾಕುತ್ತಾರೆ. ಅಜ್ಜಿ ಮೊದಲೇ ಹೇಳಿ ಬೇರೆ ಬಾಣಲೆಯಲ್ಲಿ ಮಾಡಿಸಿದರು. ಅವರು ಹೇಳಿದ್ದು ಒಂದೇ ಪದ, "ಸು". ಸಸ್ಯಾಹಾರ ಅಂತ ಅರ್ಥ. "ವೊ ಚ ಸು" ಅಂದರೆ ನಾನು ಸಸ್ಯಾಹಾರ ತಿನ್ನುತ್ತೇನೆ. ತಮ್ಮ ಇದೊಂದನ್ನು ಇವತ್ತಿನಿಂದಲೇ ಬಾಯಿಪಾಠ ಮಾಡಲಿ. "ಮಾಂಸ ಬೇಡ" ಅಂದರೆ ತುಂಡು ತೆಗೆದು, ಅದೇ ಸಾರು ಹಾಕಿ ಕೊಡುತ್ತಾರೆ. "ಸು" ಅಂದರೆ ಹಾಗಲ್ಲ. ಅಲ್ಲಿ ಬೌದ್ಧರು ಜಾಸ್ತಿ, ವ್ರತದ ಊಟ ಅವರಿಗೆ ಹೊಸದೇನಲ್ಲ. ಕಟ್ಟುನಿಟ್ಟಿನವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ನಮ್ಮ ದೊಡ್ಡಜ್ಜಿ ಏಕಾದಶಿಗೆ ಮಾಡುತ್ತಿದ್ದ ಹಾಗೆ. ಸಸ್ಯಾಹಾರಿ ಹೋಟೆಲಿನ ಬೋರ್ಡಿನ ಮೇಲೆ ಎಷ್ಟೋ ಕಡೆ ಸ್ವಸ್ತಿಕ ಇರುತ್ತದೆ ಚಿಕ್ಕಮ್ಮ! ನಮ್ಮದರ ಕನ್ನಡಿ ಬಿಂಬದ ಹಾಗೆ ಎಡಕ್ಕೆ ತಿರುಗಿರುತ್ತದೆ, ಅಷ್ಟೇ. ಅಂಗಡಿಯ ಪ್ಯಾಕೆಟ್ ಮೇಲೂ ಐದು ಬಗೆ ಬೇರೆ ಬೇರೆ ಬರೆದಿರುತ್ತಾರೆ: ಪೂರ್ತಿ ಸಸ್ಯದ್ದು, ಹಾಲಿರುವುದು, ಮೊಟ್ಟೆಯಿರುವುದು, ಹಾಲು ಮೊಟ್ಟೆ ಎರಡೂ ಇರುವುದು, ಈರುಳ್ಳಿ ಬೆಳ್ಳುಳ್ಳಿ ಇರುವುದು. ತಮ್ಮ ಮೊಟ್ಟೆಯ ಅಕ್ಷರವನ್ನು ಗುರುತಿಟ್ಟುಕೊಂಡರೆ ಸಾಕು.

ಆಮೇಲೆ ಮಣ್ಣಿನ ಕುಡಿಕೆಯಲ್ಲಿ ಕೊತ ಕೊತ ಅನ್ನುತ್ತಾ ಒಂದು ಪಲ್ಯ ಬಂತು. ದಪ್ಪ ದಂಟಿನ ಅಣಬೆ, ಗಾಲಿ ಗಾಲಿಯಾಗಿ ಹೆಚ್ಚಿದ್ದು. "ಮೂರು ಬಟ್ಟಲು" ಅಂತ ಹೆಸರು. ಎಳ್ಳೆಣ್ಣೆ ಒಂದು ಬಟ್ಟಲು, ಸೋಯಾ ಸಾಸ್ ಒಂದು, ಅಕ್ಕಿಯ ಮದ್ಯ ಒಂದು. ಹೌದು, ಮದ್ಯ. ಮುಚ್ಚಿಟ್ಟು ಹೇಳುವುದಿಲ್ಲ. ಬೇಡ ಅಂದರೆ ಹಾಕದೆ ಮಾಡಿಕೊಡುತ್ತಾರೆ, ನಮಗೆ ಹಾಗೇ ಮಾಡಿಕೊಟ್ಟರು. ಹುರಿದ ಎಳ್ಳಿನ ಎಣ್ಣೆಯಲ್ಲಿ ಶುಂಠಿ ಬಿಲ್ಲೆಗಳು ಅಂಚು ಸುರುಟುವ ತನಕ ಕರಿದಿದ್ದರು. ಕೊನೆಗೆ ಮುಚ್ಚಳ ತೆಗೆದು ಒಂದು ಹಿಡಿ ಸೊಪ್ಪು. ಘಮ ಬಂದ ಕೂಡಲೇ ಗೊತ್ತಾಯಿತು, ಇದು ನಮ್ಮ ಹಿತ್ತಿಲ ಕಾಮಕಸ್ತೂರಿ! ಒಂದು ಎಲೆ ಅಂಗೈಯಲ್ಲಿ ಉಜ್ಜಿ ನಮ್ಮವರ ಮೂಗಿಗೆ ಹಿಡಿದೆ. ಅವರೂ ಅದೇ ಅಂದರು. ಅಜ್ಜಿ ಭಾಷೆಯಲ್ಲಿ ಅದಕ್ಕೆ "ಒಂಬತ್ತು ಅಂತಸ್ತಿನ ಗೋಪುರ" ಅಂತಾರೆ. ಹೂವು ಒಂದರ ಮೇಲೊಂದು ಅಂತಸ್ತಾಗಿ ಬಿಡುತ್ತದಲ್ಲ, ಅದಕ್ಕೆ. ಎಷ್ಟು ಚೆಂದದ ಹೆಸರು. ನಾವು ಆ ಗಿಡವನ್ನು ಹೂಮಾಲೆಗೆ ಮಾತ್ರ ಕೀಳುತ್ತಿದ್ದೆವು, ಅಲ್ವಾ?

ಅಜ್ಜಿಯ ಮಗ ದನದ ಮಾಂಸದ ನೂಡಲ್ಸ್ ಸೂಪ್ ತರಿಸಿದ. ತೈವಾನ್ ಅಂದರೆ ಲೋಕಕ್ಕೆ ಗೊತ್ತಿರುವುದು ಅದೇ. ಆದರೆ ಅಜ್ಜಿ ಮುಟ್ಟಲಿಲ್ಲ. ಕೇಳಿದ್ದಕ್ಕೆ ಹೇಳಿದರು, "ನಮ್ಮದು ಗದ್ದೆ ಮಾಡುತ್ತಿದ್ದ ಮನೆ. ಹೊಲ ಉತ್ತು ನಮಗೆ ಅನ್ನ ಕೊಟ್ಟದ್ದನ್ನು ಹೇಗೆ ತಿನ್ನಲಿ, ನಮ್ಮಮ್ಮ ಒಳಗೇ ಸೇರಿಸುತ್ತಿರಲಿಲ್ಲ." ಅಲ್ಲಿಯ ಹಳೆಯ ರೈತ ಮನೆಗಳಲ್ಲಿ ಈ ನಡೆ ಇತ್ತಂತೆ. ಆ ಸೂಪ್ ಬಂದದ್ದು 1949ರಲ್ಲಿ ಚೀನಾದ ಅಂತರ್ಯುದ್ಧದಲ್ಲಿ ಸೋತು ಬಂದ ಸೈನಿಕರ ಜೊತೆ. ಮನೆ ಬಿಟ್ಟು ಬಂದವರು, ತಮ್ಮ ಊರಿನ ಖಾರ ನೆನೆದು ಮಾಡಿಕೊಂಡದ್ದು. ತಾಯಿ ಮಗ ಒಂದೇ ಮೇಜಿನಲ್ಲಿ ಕೂತಿದ್ದರು. ಒಬ್ಬರು ಇನ್ನೊಬ್ಬರಿಗೆ ಏನೂ ಅನ್ನಲಿಲ್ಲ. ಅಪ್ಪಾಜಿ ಎತ್ತುಗಳನ್ನು ಮಾರಿದ ದಿನ ಊಟ ಬಿಟ್ಟಿದ್ದ ಕಥೆ ಹೇಳಿದೆ. ಅಜ್ಜಿ ನನ್ನ ಕೈ ಹಿಡಿದುಕೊಂಡರು.

ನಾರುವ ತೋಫು ಅಂತ ಒಂದಿದೆ. ತೋಫು ಅಂದರೆ ಸೋಯಾ ಹಾಲಿನ ಪನೀರ್. ಹುಳಿ ಬರಿಸಿ ಕರಿದದ್ದು. ವಾಸನೆ ಜೋರು, ಹೊರಗೆ ಗರಿ ಗರಿ, ಒಳಗೆ ಮೆತ್ತಗೆ. ಅದನ್ನು ನೆನೆಸುವ ನೀರಿಗೆ ಕೆಲವು ಕಡೆ ಸೀಗಡಿ ಹಾಕುತ್ತಾರೆ, ಹಾಗಾಗಿ ತಮ್ಮ ಕೇಳಿಯೇ ತಿನ್ನಲಿ. ಇನ್ನು ಸಸ್ಯಾಹಾರಿ ಹೋಟೆಲಿನಲ್ಲಿ ಕೋಳಿ, ಮೀನಿನ ಆಕಾರದ್ದು ಬಂದರೆ ಗಾಬರಿ ಬೀಳಬಾರದು. ಸೋಯಾ, ಗೋಧಿಯಲ್ಲಿ ಮಾಡಿದ್ದೇ ಇರುತ್ತದೆ. ಆ ಗುಂಡು ಗುಂಡು ಗುಳಿಗೆ ಹಾಕಿದ ಹಾಲಿನ ಟೀ, ಬಬಲ್ ಟೀ ಅಂತ, ಈಗ ಬೆಂಗಳೂರಲ್ಲೂ ಸಿಗುತ್ತದಲ್ಲ, ಅದು 1980ರ ದಶಕದಲ್ಲಿ ಅಲ್ಲೇ ಹುಟ್ಟಿದ್ದು. ಗುಳಿಗೆ ಮರಗೆಣಸಿನ ಹಿಟ್ಟಿನದು, ನಮ್ಮ ಸಬ್ಬಕ್ಕಿಯ ಅಣ್ಣ. ಅದು ಬೇಗ ಮುಗಿಸುತ್ತೇನೆ, ಯಾಕಂದರೆ ಕೊನೆಯದ್ದು ಹೇಳಲೇಬೇಕು.

ಕೊನೆಗೆ ಒಂದು ಸಿಹಿ. ಇಟ್ಟಿಗೆ ಗಾತ್ರದ ಕಡಲೆಕಾಯಿ ಚಿಕ್ಕಿ ಇಟ್ಟಿದ್ದರು. ಹೋಟೆಲಿನ ಹುಡುಗಿ ಬಡಗಿಯ ಉಜ್ಜುಗೊರಡು ತೆಗೆದುಕೊಂಡು ಚಿಕ್ಕಿಯನ್ನು ಸರ್ ಸರ್ ಅಂತ ಉಜ್ಜಿದಳು. ಮರದ ಹೊಟ್ಟಿನ ಹಾಗೆ ಸುರುಳಿ ಸುರುಳಿ ಬಿತ್ತು. ತೆಳ್ಳಗಿನ ಗೋಧಿ ದೋಸೆಯಂಥದ್ದರ ಮೇಲೆ ಆ ಪುಡಿ ಹರಡಿ, ಎರಡು ಉಂಡೆ ಐಸ್‌ಕ್ರೀಂ ಇಟ್ಟು, ಮೇಲೆ ಹಸಿ ಕೊತ್ತಂಬರಿ ಸೊಪ್ಪು! ಮಡಚಿ ಕೈಗೆ ಕೊಟ್ಟಳು. ಐಸ್‌ಕ್ರೀಮಿಗೆ ಕೊತ್ತಂಬರಿ ಅಂದರೆ ನೀವು ನಂಬುವುದಿಲ್ಲ. ಚಿಕ್ಕಿ ಹಲ್ಲಿಗೆ ಸಿಕ್ಕು, ತಣ್ಣಗೆ ಕರಗಿ, ಆಮೇಲೆ ಸೊಪ್ಪಿನ ಘಮ. ಬೆಲ್ಲದ ಚಿಕ್ಕಿಯಲ್ಲಿ ನೀವೂ ಮಾಡಿ ನೋಡಿ.

ಬಿಲ್ ಬಂದಾಗ ಅಜ್ಜಿ, ನಾನು ಇಬ್ಬರೂ ಎಳೆದಾಡಿದೆವು. ಅಜ್ಜಿಯೇ ಗೆದ್ದರು. ಹೊರಡುವ ಮುಂಚೆ ತಮ್ಮನಿಗೆ ಇನ್ನೊಂದು ಮಾತು ಹೇಳಿಸಿದರು: ಅನ್ನದ ಬಟ್ಟಲಲ್ಲಿ ಊಟ ಮಾಡುವ ಕಡ್ಡಿಗಳನ್ನು, ಅಂದರೆ ಚಾಪ್‌ಸ್ಟಿಕ್‌ಗಳನ್ನು, ನೆಟ್ಟಗೆ ಚುಚ್ಚಿ ಇಡಬಾರದು. ತೀರಿಹೋದವರಿಗೆ ಎಡೆ ಇಟ್ಟು ಊದುಬತ್ತಿ ಹಚ್ಚಿದ ಹಾಗೆ ಕಾಣುತ್ತದಂತೆ.

ಮತ್ತೆ ಚಿಕ್ಕಮ್ಮ, ಅಜ್ಜಿ ತಾವೇ ಕೈಯಾರೆ ಒಂದು ಚೀಟಿ ಬರೆದುಕೊಟ್ಟಿದ್ದಾರೆ. ಸಸ್ಯಾಹಾರಿ, ಮೊಟ್ಟೆ ಬೇಡ, ಮಾಂಸದ ಸಾರು ಬೇಡ, ಹಾಲು ಆಗುತ್ತದೆ, ಈರುಳ್ಳಿ ಬೆಳ್ಳುಳ್ಳಿ ಆಗುತ್ತದೆ. ಫೋಟೊ ಈಗಲೇ ಹಾಕುತ್ತೇನೆ. ಎರಡು ಪ್ರಿಂಟ್ ತೆಗೆಸಿ, ಒಂದು ಅವನ ಪರ್ಸಿನಲ್ಲಿ ಇಡಿ, ಇನ್ನೊಂದು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ. ಚಟ್ನಿಪುಡಿ ಅರ್ಧ ಕೆಜಿ ಸಾಕು, ಜಾಸ್ತಿ ಬೇಡ.