ತಗ್ಗಿಸಿದ ಕಾರು, ಲಾರಿಯ ಏರು

ಪ್ರಶ್ನೆ (ವಿಜಯಪುರ): ನನ್ನದು ಸ್ಪ್ರಿಂಗ್ ಬದಲಿಸಿ ತಗ್ಗಿಸಿದ ಹಳೆಯ ಸ್ಕೋಡಾ, ಆಟೊಮ್ಯಾಟಿಕ್. ಕೊಲ್ಹಾರದ ಸೇತುವೆ ದಾಟಿದ ಮೇಲೆ ಕೆಟ್ಟು ನಿಂತಿತು; ಈಗ ಪರಿಚಯದವರ ಹೊಲದ ಮನೆಯ ಮುಂದಿದೆ. ಹುಬ್ಬಳ್ಳಿಗೆ ಒಯ್ಯಬೇಕು. ಹೋದ ವರ್ಷ ಒಬ್ಬರು ಲಾರಿಗೆ ಏರಿಸುವಾಗ ಮುಂದಿನ ಬಂಪರಿನ ಕೆಳತುಟಿಯನ್ನು ಮುರಿದು ನನ್ನ ಕೈಗೇ ಕೊಟ್ಟರು. ಅದಕ್ಕಿಂತ ಸ್ನೇಹಿತನ ಜೀಪಿಗೆ ಹಗ್ಗ ಕಟ್ಟಿ ಎಳೆಸುವುದು ಮೇಲಲ್ಲವೇ?

ಉತ್ತರ (ಬೆಳಗಾವಿ, ರಿಕವರಿ ಲಾರಿ ಚಾಲಕ): ಹಗ್ಗದ ಮಾತು ಬಿಟ್ಟುಬಿಡಿ. ಎಂಜಿನ್ ನಿಂತರೆ ಗೇರ್‌ಬಾಕ್ಸಿಗೆ ಎಣ್ಣೆ ಹರಿಸುವ ಪಂಪೂ ನಿಲ್ಲುತ್ತದೆ. ಹುಬ್ಬಳ್ಳಿಯವರೆಗೆ ಚಕ್ರ ಉರುಳಿದರೆ ಗೇರ್‌ಬಾಕ್ಸೇ ಹಾಳಾದೀತು, ಬಂಪರಿನ ಬೆಲೆಯಲ್ಲಿ ಮುಗಿಯುವ ಮಾತಲ್ಲ. ಜೊತೆಗೆ ಬ್ರೇಕ್, ಸ್ಟೀರಿಂಗ್ ಎರಡೂ ಕಲ್ಲಿನಂತಾಗುತ್ತವೆ.

ಬಂಪರ್ ಮುರಿಯುವುದು ಲೆಕ್ಕ ತಪ್ಪಿದ್ದರಿಂದ. ಮುಂದಿನ ಟೈರ್ ನೆಲ ಮುಟ್ಟುವ ಜಾಗದಿಂದ ಬಂಪರ್ ತುದಿಗೆ 80 ಸೆಂ.ಮೀ., ಆ ತುದಿಯ ಎತ್ತರ 14 ಸೆಂ.ಮೀ. ಎಂದಿಟ್ಟುಕೊಳ್ಳಿ. ಮೀಟರಿಗೆ 17.5 ಸೆಂ.ಮೀ.ಗಿಂತ ಕಡಿದಾದ ಏರು ತಾಗಿಯೇ ತಾಗುತ್ತದೆ. ಲಾರಿಯಲ್ಲಿ ಕಾರು ನಿಲ್ಲುವ ಹಲಗೆಯೇ ಹಾಸು; ಒಂದು ಮೀಟರ್ ಎತ್ತರದಿಂದ ಓರೆಯಾಗಿ ಇಳಿಯುವ 5.5 ಮೀಟರಿನ ಹಾಸು ಮೀಟರಿಗೆ 18 ಸೆಂ.ಮೀ. ದಾಟುತ್ತದೆ. ಆ ಒಂದು ಸೆಂ.ಮೀ.ಗೇ ನಿಮ್ಮ ತುಟಿ ಹೋಗಿರಬೇಕು!

ಹಾಸಿನ ಅಂಚಿಗೆ ತಾಗಿಸಿ, ಎರಡೂ ಚಕ್ರಗಳ ಸಾಲಿಗೆ 5 ಸೆಂ.ಮೀ. ದಪ್ಪದ ಉದ್ದ ಹಲಗೆ ಇಡಬೇಕು. ಚಕ್ರ ಮೊದಲೇ ಎದ್ದರೆ ತುಟಿಯೂ ಏಳುತ್ತದೆ. ಹಿಂದಿನ ಚಕ್ರ ಹಾಸಿನ ಮೇಲೆ ಬರುವವರೆಗೆ ಹಲಗೆ ತೆಗೆಯಬಾರದು. ಮೂತಿ ಮೇಲೆದ್ದಾಗ ಬಾಲ ತಗ್ಗಿ ಸೈಲೆನ್ಸರ್ ಉಜ್ಜುತ್ತದೆ. ಗಟ್ಟಿ ನೆಲದಲ್ಲಿ ಇಳಿಜಾರು ಸಿಕ್ಕರೆ ಇನ್ನೂ ಒಳ್ಳೆಯದು: ಲಾರಿಯ ಮೂತಿ ಇಳಿಜಾರಿನಲ್ಲಿ, ಕಾರು ಅದರ ಹಿಂದೆ ಮೇಲಿನ ಸಮತಟ್ಟಿನಲ್ಲಿ. ಎರೆ ಹೊಲಕ್ಕೆ ಮಾತ್ರ ಲಾರಿ ಇಳಿಸಬೇಡಿ. ಮಳೆಯಾಗಿದ್ದರೆ ನಿಮ್ಮ ಕಾರನ್ನು ಬಿಟ್ಟು ನನ್ನ ಲಾರಿಯನ್ನು ಎಳೆಯುವ ಪಾಡು ಬರುತ್ತದೆ.

ಎಳೆಯುವ ಕೊಂಡಿ ಡಿಕ್ಕಿಯಲ್ಲಿ ಜಾಕಿನ ಜೊತೆ ಇರುತ್ತದೆ. ಸ್ಕೋಡಾದಲ್ಲಿ ಅದರ ತಿರುಪು ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಇದು ತಿಳಿಯದೆ ಬಲಕ್ಕೆ ತಿರುಗಿಸುತ್ತ ಬೆವರಿದವರನ್ನು ಬಹಳ ನೋಡಿದ್ದೇನೆ. ಪೂರ್ತಿ ಕೂರಿಸಿ, ವೀಲ್ ಸ್ಪ್ಯಾನರಿನಿಂದ ಬಿಗಿ ಮಾಡಿ. ಲಾರಿಯ ವಿಂಚ್, ಅಂದರೆ ತಂತಿ ಸುತ್ತಿಕೊಳ್ಳುವ ಯಂತ್ರ, ಕಾರನ್ನು ಎಳೆಯುವಾಗ ತಂತಿಯ ಸಾಲಿನಲ್ಲಿ ಯಾರೂ ನಿಲ್ಲಬಾರದು.

ಪ್ರಶ್ನಿಸಿದವರು: ಬ್ಯಾಟರಿ ಸತ್ತಿದೆ. ಗೇರ್ ಕಡ್ಡಿ ಪಾರ್ಕಿಂಗ್‌ನಲ್ಲೇ ಸಿಕ್ಕಿಬಿದ್ದಿದೆ.

ಉತ್ತರ: ಬೇರೆ 12 ವೋಲ್ಟ್ ಬ್ಯಾಟರಿಯಿಂದ ಕರೆಂಟ್ ಕೊಟ್ಟು, ಬ್ರೇಕ್ ತುಳಿದು ನ್ಯೂಟ್ರಲ್‌ಗೆ ತನ್ನಿ, ಸ್ಟೀರಿಂಗ್ ಬೀಗವೂ ಬಿಡಬೇಕು. ಆಗದಿದ್ದರೆ ಗೇರ್ ಕಡ್ಡಿಯ ಬೀಗ ಬಿಡಿಸುವ ಉಪಾಯ ಕಾರಿನ ಕೈಪಿಡಿಯಲ್ಲಿರುತ್ತದೆ. ಅದೂ ಸಾಗದಿದ್ದರೆ ಚಕ್ರದಡಿ ಜಾರುವ ಪ್ಲಾಸ್ಟಿಕ್ ತಟ್ಟೆ ಇಟ್ಟು ಏರಿಸುತ್ತೇವೆ. ಬಲವಂತವಾಗಿ ಎಳೆಯುವವರಿದ್ದರೆ ವಾಪಸ್ ಕಳುಹಿಸಿ.

ಮತ್ತೊಬ್ಬರು (ಬಾಗಲಕೋಟೆ): ಲಾರಿಗೆ ಏರಿಸಿದ ಮೇಲೆ ಕಾರು ಬಿಗಿಯುವ ಬೆಲ್ಟನ್ನು ಎಲ್ಲಿಗೆ ಕಟ್ಟಬೇಕು? ನಮ್ಮ ಕಾರಿನ ಸಸ್ಪೆನ್ಷನ್ ತೋಳಿಗೇ ಕೊಕ್ಕೆ ಹಾಕಿದ್ದರು.

ಉತ್ತರ: ತಪ್ಪು. ನಾಲ್ಕೂ ಟೈರ್‌ಗಳ ಮೇಲಿಂದ ಬೆಲ್ಟ್ ಬಿಗಿಯಬೇಕು. ಕಾರಿನ ಮೈಗೆ ಕಟ್ಟಿದರೆ ಪ್ರತಿ ಉಬ್ಬಿಗೂ ಕಾರು ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ. ವಿಂಚಿನ ತಂತಿಯನ್ನೇ ನಂಬಿ ಹೊರಡಬಾರದು. ಹದಿನೈದು ಕಿಲೋಮೀಟರಿಗೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಚಾಲಕ ಚಹಾಕ್ಕೆ ನಿಲ್ಲಿಸಿದಾಗ ನೆನಪಿಸಿ.

ಪ್ರಶ್ನಿಸಿದವರು: ನಾನು ಕಾರಿನಲ್ಲೇ ಕುಳಿತು ಬರಬಹುದೇ?

ಉತ್ತರ: ಬೇಡ. ಲಾರಿಯ ಕ್ಯಾಬಿನ್ನಿನಲ್ಲಿ ಜಾಗವಿರುತ್ತದೆ. ಏರಿಸುವ ಮುನ್ನ ಬಂಪರಿನ ಫೋಟೊ ತೆಗೆದಿಟ್ಟುಕೊಳ್ಳಿ, ತುಟಿ ಇನ್ನೂ ಉಳಿದಿದ್ದರೆ.